ನೀರಿನ ಹನಿಯನ್ನೂ ಕಾಲೊನಿ ಅಂತ ಎಣಿಸುತ್ತಿದೆ, ಏನು ಮಾಡಲಿ?

ಕೋಲಾರದಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬರುತ್ತವೆ. ಪ್ಲೇಟಿನ ಫೋಟೋ ಕೊಟ್ಟರೆ ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳನ್ನು ಎಣಿಸುವ ಎಐ ಮಾಡೆಲ್ ಒಂದನ್ನು ನನ್ನ ತಮ್ಮ ಮಾಡಿಕೊಟ್ಟಿದ್ದಾನೆ. ರಿಪೋರ್ಟ್ ಹೋಗುವುದು ಇನ್ನೂ ಕಣ್ಣಲ್ಲಿ ಎಣಿಸಿದ್ದರ ಮೇಲೆಯೇ, ಇದನ್ನು ಪಕ್ಕದಲ್ಲಿಟ್ಟು ನೋಡುತ್ತಿದ್ದೇವೆ ಅಷ್ಟೆ. ನಿನ್ನೆ ಒಂದು ಮೆಕಾಂಕಿ (ಬ್ಯಾಕ್ಟೀರಿಯಾ ಬೆಳೆಸುವ ಒಂದು ಬಗೆಯ ಅಗರ್) ಪ್ಲೇಟಿನಲ್ಲಿ ನಾನು ಎಣಿಸಿದ್ದು 38, ಅದು ಹೇಳಿದ್ದು 127! ಪ್ಲೇಟಿಗೆ ಮೂತ್ರ ಹಾಕುವ ನಮ್ಮ ಲೂಪ್ (ತುದಿಯಲ್ಲಿ ಬಳೆಯಿರುವ ಕಡ್ಡಿ) 0.001 ಎಂಎಲ್‌ನದು, ಒಂದು ಕಾಲೊನಿಗೆ ಎಂಎಲ್‌ಗೆ 1,000 ಲೆಕ್ಕ, ಅಂದರೆ 38 ಸಾವಿರ ಇದ್ದದ್ದು ಒಂದು ಲಕ್ಷ ದಾಟಿಬಿಟ್ಟಿತು. ಇದನ್ನೇ ನಂಬಿ ರಿಪೋರ್ಟ್ ಕೊಟ್ಟಿದ್ದರೆ ಬೇಡದವರಿಗೂ ಆ್ಯಂಟಿಬಯಾಟಿಕ್ ಬರೆಯುತ್ತಿದ್ದರು ಅಲ್ವಾ, ರಾತ್ರಿಯೆಲ್ಲ ಅದೇ ಯೋಚನೆ. ಇನ್ನೊಂದು ಪ್ಲೇಟಿನಲ್ಲಿ ಉಲ್ಟಾ, ತುಂಬ ಬೆಳೆದಿದ್ದರೂ ಬರೀ 9 ಅಂದಿತು. ಮತ್ತೆ ಟ್ರೇನ್ ಮಾಡಿಸಬೇಕಾ?

ತುಮಕೂರಿನಿಂದ:
ಅದು ಆಮೇಲೆ. ಫೋಟೋ ಹೇಗೆ ತೆಗೆಯುತ್ತೀರಿ, ಮುಚ್ಚಳ ಹಾಕಿಯೇ?

ಕೋಲಾರದಿಂದ:
ಹೌದು ಸರ್, ಇನ್‌ಕ್ಯುಬೇಟರಿನಿಂದ ತೆಗೆದ ಕೂಡಲೇ. ಮೇಲೆ ಟ್ಯೂಬ್‌ಲೈಟ್ ಇದೆ.

ತುಮಕೂರಿನಿಂದ:
ಅಲ್ಲೇ ಇದೆ ನೋಡಿ. 37 ಡಿಗ್ರಿಯಲ್ಲಿದ್ದ ಪ್ಲೇಟನ್ನು ಬೆಳಗಿನ ಚಳಿಗೆ ತಂದಿಟ್ಟರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ದುಂಡಗೆ, ಹೊಳೆಯುತ್ತಾ, ಕಾಲೊನಿಯಷ್ಟೇ ದಪ್ಪ. ನಾವು ಪ್ಲೇಟನ್ನು ಓರೆ ಮಾಡಿ ನೋಡಿ ತಿಳಿದುಕೊಳ್ಳುತ್ತೇವೆ, ಒಂದೇ ಫೋಟೋ ನೋಡುವ ಮಾಡೆಲ್‌ಗೆ ಅದು ಹೇಗೆ ಗೊತ್ತಾಗಬೇಕು? ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯುವ ಅಗರ್) ಹಾಕಿದ ಮೇಲೆ ಪ್ಲೇಟ್ ಚೆನ್ನಾಗಿ ಒಣಗಿಸಿ, ಆಮೇಲೆ ಲೂಪಿನಿಂದ ಸ್ಯಾಂಪಲ್ ಎಳೆದು ಸ್ಟ್ರೀಕ್ ಮಾಡಿ, ಬೋರಲು ಹಾಕಿ ಇಡಿ. ಫೋಟೋವನ್ನು ಸೇಫ್ಟಿ ಕ್ಯಾಬಿನೆಟ್ ಒಳಗೆ, ಮುಚ್ಚಳ ತೆಗೆದು, ಸ್ಟ್ಯಾಂಡಿಗೆ ಹಾಕಿದ ಫೋನಿನಲ್ಲಿ ತೆಗೆಯಿರಿ. ಕೈಯಲ್ಲಿ ಹಿಡಿದು ಮಾತ್ರ ಬೇಡ, ಆ ಫೋನು ಮನೆಗೂ ಬರುತ್ತದೆ. ಮುಗಿದ ಮೇಲೆ 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಒರೆಸಿ. ಟ್ಯೂಬ್‌ಲೈಟ್ ಆರಿಸಿ ಎರಡೂ ಪಕ್ಕದಿಂದ ಓರೆಯಾಗಿ ಎಲ್‌ಇಡಿ ಬಿಡಿ. ಕೆಳಗೆ ಒಂದು ಸಲ ಬಿಳಿ ಹಾಳೆ, ಒಂದು ಸಲ ಕಪ್ಪು ಬಟ್ಟೆ. ಗುಲಾಬಿ ಕಾಲೊನಿ ಬಿಳಿ ಮೇಲೆ ಚೆನ್ನಾಗಿ ಕಾಣುತ್ತದೆ, ಬಣ್ಣವಿಲ್ಲದ್ದು ಕಪ್ಪಿನ ಮೇಲೆ.

ಚಿಂತಾಮಣಿಯಿಂದ:
ಆ 9 ಬಂದ ಪ್ಲೇಟಿನಲ್ಲಿ ಕಾಲೊನಿ ಲೋಳೆ ಲೋಳೆಯಾಗಿತ್ತಾ? ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಒಂದಕ್ಕೊಂದು ಅಂಟಿಕೊಂಡು ಹರಡುತ್ತದೆ, ಮಾಡೆಲ್ ಇಡೀ ಗುಂಪನ್ನು ಒಂದೇ ಅಂತ ಎಣಿಸುತ್ತದೆ. ಯಾವ ಫೋಟೋಗಳಿಂದ ಕಲಿಸಿದ್ದು ಅಂತ ತಮ್ಮನನ್ನು ಕೇಳಿ. 'ಅಗರ್' ಅನ್ನುವ ಹೆಸರಿನ ಡೇಟಾಸೆಟ್ (ಮಾಡೆಲ್‌ಗೆ ಕಲಿಸುವ ಪ್ಲೇಟ್ ಫೋಟೋಗಳ ಸಂಗ್ರಹ) ಆಗಿದ್ದರೆ, ಅದರಲ್ಲಿ 18,000 ಫೋಟೋ ಇದ್ದರೂ ಇರುವುದು ಐದೇ ಜೀವಿ: ಇ. ಕೋಲಿ, ಸ್ಟ್ಯಾಫ್ ಆರಿಯಸ್, ಸ್ಯೂಡೊಮೊನಾಸ್, ಬ್ಯಾಸಿಲಸ್ ಸಬ್‌ಟಿಲಿಸ್, ಕ್ಯಾಂಡಿಡಾ. ಕ್ಲೆಬ್ಸಿಯೆಲ್ಲಾವನ್ನು ಅದು ನೋಡಿಯೇ ಇಲ್ಲ.

ಕೋಲಾರದಿಂದ, ಐದು ದಿನದ ನಂತರ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಹನಿಯ ಕಾಟ ನಿಂತಿದೆ, ಇವತ್ತು ನನ್ನ ಲೆಕ್ಕ 44, ಅದರದು 46. ಡೇಟಾಸೆಟ್ ನೀವು ಹೇಳಿದ್ದೇ ಮೇಡಂ, ಲೋಳೆ ಇದ್ದ ಪ್ಲೇಟಿನಲ್ಲಿ ಇನ್ನೂ ತಪ್ಪುತ್ತಿದೆ. ಅಂಥವನ್ನು ಅದಕ್ಕೆ ಕೊಡುವುದನ್ನೇ ಬಿಟ್ಟಿದ್ದೇವೆ, ಫೋಟೋ ಮಾತ್ರ ತೆಗೆದು, ಒಂದೊಂದು ಕಾಲೊನಿಗೂ ಗುರುತು ಹಾಕಿ ಕೂಡಿಸಿಡುತ್ತಿದ್ದೇನೆ. ನಿಮ್ಮ ಹತ್ತಿರ ಕ್ಲೆಬ್ಸಿಯೆಲ್ಲಾ ಪ್ಲೇಟಿನ ಫೋಟೋ ಇದ್ದರೆ, ಲ್ಯಾಬಿನಲ್ಲಿ ಒಪ್ಪಿಗೆ ಕೇಳಿ, ರೋಗಿಯ ಹೆಸರಿನ ಸ್ಟಿಕ್ಕರ್ ಕಾಣದ ಹಾಗೆ ಕಳಿಸುತ್ತೀರಾ?