‘ಲಾಸ್ಟ್’ ಸರಣಿಯ 108, ಧರ್ಮ, ನಮಸ್ತೆ: ಇದೆಲ್ಲ ನಮ್ಮ ಕಡೆಯ ಸುಳಿವಾ?

ಬಾಲ್ಕನಿ_ಬೆಳದಿಂಗಳು:
(ವಿಮಾನ ಬಿದ್ದು ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಕಥೆ ಹೇಳೋ ಅಮೆರಿಕದ ಟಿವಿ ಸರಣಿ ‘ಲಾಸ್ಟ್’ನ ಆರೂ ಸೀಸನ್ ನೋಡದವರು ಇಲ್ಲೇ ನಿಂತುಬಿಡಿ, ಗುಟ್ಟೆಲ್ಲ ಬಯಲಾಗುತ್ತೆ.)
ದ್ವೀಪದಲ್ಲಿ ಪ್ರಯೋಗ ನಡೆಸ್ತಿದ್ದ ಸಂಸ್ಥೆಯ ಹೆಸರು ಧರ್ಮ. ಅವರ ತರಬೇತಿ ಫಿಲ್ಮ್ ಮುಗಿಯೋದು ನಮಸ್ತೆಯಿಂದ. ಅವರ ನೆಲದಡಿಯ ಕೇಂದ್ರದ ಕಂಪ್ಯೂಟರಿಗೆ ಆರು ಅಂಕಿ ಹಾಕಿ ಗುಂಡಿ ಒತ್ತಬೇಕಾದ್ದು 108 ನಿಮಿಷಕ್ಕೊಮ್ಮೆ. ಅಷ್ಟೋತ್ತರ, ಜಪಮಾಲೆ, ಕರ್ಮ ಅಂತ ಇಡೀ ಕಥೆಯನ್ನೇ ಹಾಗೆ ಬಿಡಿಸೋ ಥಿಯರಿಗೆ ತೆರೆಯ ಮೇಲೆ ಎಷ್ಟು ಆಧಾರ ಇದೆ? ಹಾಗೇ, ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ದರು ಅನ್ನೋ ವಾದಕ್ಕೆ?

ಹಂಸ_ಮೂರು:
ಮೊದಲು ಆ ಆರು ಅಂಕಿ ಕೂಡಿಸಿ ನೋಡಿ. 4, 8, 15, 16, 23, 42. ಮೊತ್ತ 108. ತೆರೆಯ ಮೇಲೆ 108 ಬರೋದಕ್ಕೆ ಈ ಕೂಡಿಕೆಯೇ ಸಾಕು, ಜಪಮಾಲೆ ಬೇಕಾಗಿಲ್ಲ. ಆ ಆರು ಅಂಕಿಗಳ ಅರ್ಥ ಸೀಸನ್ 6ರ ಗುಹೆಯಲ್ಲಿ ಸಿಗುತ್ತೆ: ಲಾಕ್ 4, ರೇಯಸ್ 8, ಫೋರ್ಡ್ 15, ಜರ‍್ರಾ 16, ಶೆಫರ್ಡ್ 23, ಕ್ವಾನ್ 42. ದ್ವೀಪ ಕಾಯೋ ಜೇಕಬ್‌ನ ಉತ್ತರಾಧಿಕಾರಿಗಳಾಗಬಹುದಾದವರ ಪಟ್ಟಿ ಅದು. ಮುಂದಿನ ಎಪಿಸೋಡಿನ ದೀಪಸ್ತಂಭದಲ್ಲಿ ಮುಳ್ಳನ್ನು 108 ಡಿಗ್ರಿಗೆ ತಿರುಗಿಸು ಅಂತ ಜೇಕಬ್ ಹೇಳ್ತಾನಲ್ಲ, ಅಲ್ಲಿರೋ ಹೆಸರು ವಾಲೆಸ್, ಅದೂ ಗೀಟು ಹೊಡೆದದ್ದು. ಆ ವಾಲೆಸ್ ಯಾರು ಅಂತ ಸರಣಿ ಹೇಳೋದೇ ಇಲ್ಲ.

ಧರ್ಮ ಅನ್ನೋದು ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರು. ಲಾಂಛನದ ಎಂಟು ಮೂಲೆಯ ಗೆರೆಗಳು ಚೀನಾದ ಬಾಗುವಾ ಅನ್ನೋ ಪುರಾತನ ಚಿಹ್ನೆ, ನಮ್ಮದಲ್ಲ. ಫಿಲ್ಮಿನ ಪ್ರಕಾರ 1970ರಲ್ಲಿ ಇದನ್ನ ಶುರು ಮಾಡಿದ್ದು ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಸ್ಫೂರ್ತಿ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್. ಆ ಕಾಲದ ಅಮೆರಿಕದಲ್ಲಿ ನಮಸ್ತೆ, ಬಾಗುವಾ, ಮನಶ್ಶಾಸ್ತ್ರ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯ್ತಿತ್ತು. ಸ್ಕಿನ್ನರ್ ಹೆಸರು ಕೇಳಿದ್ದೇ ತಡ, ‘ಗುಂಡಿ ಬರೀ ಇಲಿಬೋನಿನ ಪ್ರಯೋಗ’ ಅನ್ನೋ ಥಿಯರಿ ಹುಟ್ಟಿತು. ಅದನ್ನ ಉರುಳಿಸಿದ್ದು ಸೀಸನ್ 2ರ ಕೊನೆಯ ಎಪಿಸೋಡಿನ ಒಂದು ಮುದ್ರಿತ ಸಾಲು: 922044:16. ಅಮೆರಿಕದ ರೀತಿ ತಿಂಗಳು ಮೊದಲಿಟ್ಟು ಬಿಡಿಸಿದರೆ 2004 ಸೆಪ್ಟೆಂಬರ್ 22, 4:16. ಆಗ ಗುಂಡಿಯ ಕಾವಲಿದ್ದ ಡೆಸ್ಮಂಡ್ ಅದನ್ನ ಒತ್ತೋದು ತಡವಾದ ದಿನ, ಅದರಿಂದಲೇ ವಿಮಾನ ಬಿದ್ದ ದಿನ. (ಗಂಟೆ ನಿಮಿಷದಲ್ಲೂ 4 ಮತ್ತು 16 ತುರುಕಿದ್ದಾರೆ, ನೋಡಿ.)

ಕಪ್ಪುಬಿಳಿ_ಕಲ್ಲು:
ಎರಡನೇ ಪ್ರಶ್ನೆಗೆ: ಇಲ್ಲ. ಈ ತಪ್ಪು ತಿಳುವಳಿಕೆಗೆ ದೊಡ್ಡ ಕಾರಣ 2010 ಮೇ 23ರ ಕೊನೆಯ ಕಂತಿನ ಹೆಸರುಪಟ್ಟಿಯ ಹಿಂದೆ ತೋರಿಸಿದ ಖಾಲಿ ಕಡಲತೀರ, ವಿಮಾನದ ಅವಶೇಷ. ಅದನ್ನ ಸೇರಿಸಿದ್ದು ವಾಹಿನಿ, ಕಥೆಯ ಭಾಗವಲ್ಲ. ಚರ್ಚ್‌ನಲ್ಲಿ ಕಥಾನಾಯಕ ಜ್ಯಾಕ್‌ಗೆ ಅವನ ತಂದೆ (ಹೆಸರೇ ಕ್ರಿಶ್ಚಿಯನ್) ಸ್ಪಷ್ಟವಾಗೇ ಹೇಳ್ತಾನೆ: ನಡೆದದ್ದೆಲ್ಲ ನಿಜ, ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ಎಷ್ಟೋ ಕಾಲದ ಮೇಲೆ. ಸೀಸನ್ 6ರಲ್ಲಿ ವಿಮಾನ ಬೀಳದೇ ಇಳಿದಂತೆ ತೋರಿಸೋ ಪಕ್ಕದ ಲೋಕ ಮಾತ್ರ ಸಾವಿನ ಆಚೆಯದು. ದ್ವೀಪ ಅಲ್ಲ.

ಹಾಗಂತ ಬರಹಗಾರರು ಎಲ್ಲ ಮೊದಲೇ ನೇಯ್ದಿದ್ದರು ಅಂತ ನಾನು ಒಪ್ಪಲ್ಲ. ಸೀಸನ್ 1ರ 6ನೇ ಎಪಿಸೋಡ್‌ನಲ್ಲಿ ಎರಡು ಅಸ್ಥಿಪಂಜರ, ಒಂದು ಚೀಲದಲ್ಲಿ ಒಂದು ಕಪ್ಪು, ಒಂದು ಬಿಳಿ ಕಲ್ಲು. ಬಟ್ಟೆ ಜೀರ್ಣವಾದ ರೀತಿ ನೋಡಿ ಜ್ಯಾಕ್ ಹಾಕೋ ಲೆಕ್ಕ 40-50 ವರ್ಷ. ಸೀಸನ್ 6ರ ಉತ್ತರದಲ್ಲಿ ಅವು ಶತಮಾನಗಳಷ್ಟು ಹಿಂದಿನವು. ಅಷ್ಟು ಕಾಲ ಬಟ್ಟೆ ಉಳಿಯುತ್ತಾ? ಕಲ್ಲು ಮೊದಲೇ ಯೋಚಿಸಿದ್ದಿರಬಹುದು, ಬಟ್ಟೆ ಖಂಡಿತ ಅಲ್ಲ.

ಮರುದನಿ:
ದ್ವೀಪದ ಕಾಡಿನಲ್ಲಿ ಕೇಳೋ ಪಿಸುಮಾತು ಬಿಡಿಸೋರಿಗೆ ಒಂದು ಮಾತು. ಸ್ಟೀರಿಯೊ ಧ್ವನಿಯಲ್ಲಿ ಕಸರತ್ತು ಬೇಡ, ಡಿಸ್ಕ್‌ನ 5.1 (ಆರು ಚಾನೆಲ್‌ಗಳ) ಟ್ರ್ಯಾಕ್ ತೆಗೆದುಕೊಳ್ಳಿ. ಸಂಭಾಷಣೆ ಸಾಮಾನ್ಯವಾಗಿ ಮಧ್ಯದ ಚಾನೆಲ್‌ನಲ್ಲಿ ಕೂತಿರುತ್ತೆ. ಅದನ್ನ ಮುಚ್ಚಿ ಉಳಿದವನ್ನ ಒಂದೊಂದಾಗಿ ಕೇಳಿ, ವೇಗ ಅರ್ಧಕ್ಕಿಳಿಸಿ. ಬೇರೆಯವರು ಬರೆದ ಪಠ್ಯ ಓದೋ ಮೊದಲೇ ನಿಮ್ಮದನ್ನ ಬರೆದಿಟ್ಟುಕೊಳ್ಳಿ. ಒಮ್ಮೆ ಓದಿದರೆ ಮುಗೀತು, ಕಿವಿಗೆ ಅದೇ ಕೇಳುತ್ತೆ. ಹಿಂದುಮುಂದಾಗಿ ಓಡಿಸಿ ಸಿಕ್ಕ ‘ವಾಕ್ಯ’ಗಳಲ್ಲಿ ಬಹುಪಾಲು ಹೀಗೇ ಹುಟ್ಟಿದವು.

ಹೆಸರಿನ ಅಕ್ಷರ ಕಲಸಿ ಬೇರೆ ಪದ ಮಾಡೋ ಅಕ್ಷರಪಲ್ಲಟದ ಸುಳಿವುಗಳು ಇದಕ್ಕಿಂತ ಗಟ್ಟಿ, ಒಂದಕ್ಷರ ಮಿಕ್ಕರೂ ಥಿಯರಿ ಬಿತ್ತು. ಆದರೆ ಕನ್ನಡದಲ್ಲಿ ಬರೆದುಕೊಂಡರೆ ಮಣ್ಣೂ ಸಿಗಲ್ಲ. ದ್ವೀಪದ ‘ಅದರ್ಸ್’ ಗುಂಪಿನವನ ಹೆಸರು ಈಥನ್ ರೋಮ್ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಲಸಿದರೇನೇ ‘ಅದರ್ ಮ್ಯಾನ್’ ಆಗೋದು. ಸೀಸನ್ 3ರ ಕೊನೆಯ ಶವಾಗಾರದ ಫಲಕ ‘ಹಾಫ್ಸ್-ಡ್ರಾಲರ್’: ಅದರ 12 ಇಂಗ್ಲಿಷ್ ಅಕ್ಷರ ಜೋಡಿಸಿದರೆ ‘ಫ್ಲ್ಯಾಶ್ ಫಾರ್ವರ್ಡ್’, ಅಂದರೆ ಮುಂದಾಗೋದನ್ನ ಮೊದಲೇ ತೋರಿಸೋದು. ಆ ಕಂತಿನ ಗುಟ್ಟನ್ನ ಬೋರ್ಡಿಗೇ ಬರೆದುಬಿಟ್ಟಿದ್ದಾರೆ.

ಬಾಲ್ಕನಿ_ಬೆಳದಿಂಗಳು:
ಗುಂಡಿಯಿರೋ ಕೇಂದ್ರದ ಉಕ್ಕಿನ ಬಾಗಿಲ ಮೇಲೆ ಬರೆದ ನಕ್ಷೆ ಯಾವ ಎಪಿಸೋಡು? ಲ್ಯಾಟಿನ್ ಸಾಲುಗಳನ್ನ ಓದಬೇಕು.

ಹಂಸ_ಮೂರು:
ಸೀಸನ್ 2, ಎಪಿಸೋಡ್ 17, ‘ಲಾಕ್‌ಡೌನ್’. ಕಪ್ಪುಬೆಳಕು (ನೇರಳಾತೀತ ದೀಪ) ಹತ್ತಿದ ಕೆಲವೇ ಕ್ಷಣ ಕಾಣುತ್ತೆ. ಫ್ರೇಮ್ ಫ್ರೇಮ್ ಸರಿಸುತ್ತಾ ಹೋಗಿ. ‘ಇಲ್ಲಿ ಡ್ರ್ಯಾಗನ್‌ಗಳಿವೆ’ ಅನ್ನೋ ಸಾಲು ಮೊದಲು ಹುಡುಕಿ, ಹಳೇ ಭೂಗೋಳವೊಂದರ ಮೇಲಿರೋ ಸಾಲು ಅದು.