ಅಪ್ಪನ ಎಲ್‌ಪಿ ರೆಕಾರ್ಡ್‌ಗಳನ್ನು ಗೋಡೆಯ ಮೇಲೆ ಹೇಗೆ ಇಡಲಿ?

ಮುಲುಂಡಿನ ಮಗಳು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈಯ ಮುಲುಂಡಿನ ಒಂದು ಹಳೇ ಕಟ್ಟಡದಲ್ಲಿ, ಮೂರನೇ ಮಾಳಿಗೆ. ಅಪ್ಪನ ಹತ್ತಿರ 64 ಎಲ್‌ಪಿಗಳಿವೆ. ಇಪಿ ಅನ್ನುವ ಚಿಕ್ಕ ರೆಕಾರ್ಡ್‌ಗಳೂ ಒಂದಿಷ್ಟು ಇವೆ. ಅವರು ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದರು. ರಜೆ ಸಿಕ್ಕ ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಹಳೇ ಸಾಮಾನು ಮಾರುವ ಚೋರ್ ಬಜಾರಿಗೆ ಹೋಗಿ ಒಂದೊಂದಾಗಿ ತಂದ ರೆಕಾರ್ಡ್‌ಗಳಿವು. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ರಾಜ್‌ಕುಮಾರ್ ಸಿನಿಮಾದ ಹಾಡುಗಳು.

ಈಗ ಅಪ್ಪನಿಗೆ 78 ವರ್ಷ. ಕಣ್ಣು ಮಂಜಾಗಿದೆ. ಕಪಾಟಿನಲ್ಲಿ ಒತ್ತಾಗಿ ನಿಲ್ಲಿಸಿದ ರೆಕಾರ್ಡ್‌ಗಳ ಅಂಚಿನ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಆದರೆ ಕವರಿನ ಬಣ್ಣ ಕಂಡರೆ ಸಾಕು, ಯಾವುದು ಅಂತ ಥಟ್ಟನೆ ಹೇಳುತ್ತಾರೆ. ಅದಕ್ಕೇ ಮುಖ ಕಾಣುವ ಹಾಗೆ ಗೋಡೆಯ ಮೇಲೆ ಇಡಬೇಕು ಅಂತ ನನ್ನ ಆಸೆ. ಅಂದಕ್ಕಲ್ಲ. ಯಾರನ್ನೂ ಕರೆಯದೆ ಅವರೇ ತೆಗೆದು ಹಾಕಿಕೊಳ್ಳಲಿ ಅಂತ.

ಹೋದ ವರ್ಷ ಡಬಲ್ ಟೇಪ್ ಅಂಟಿಸಿ ನಾಲ್ಕು ಕವರ್ ಹಾಕಿದ್ದೆ. ಜುಲೈ ಮಳೆಗೆ ಟೇಪ್ ಬಿಟ್ಟಿತು. ಒಂದು ಕವರಿನ ಹಿಂಬದಿಯ ಕಾಗದ ಟೇಪಿನ ಜೊತೆಗೇ ಕಿತ್ತು ಬಂತು. ಅಪ್ಪ ಏನೂ ಅನ್ನಲಿಲ್ಲ. ಆ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದರು. ಆಮೇಲೆ ಒಬ್ಬ ಬಡಗಿಯನ್ನು ಕೇಳಿದೆ. ಗಾಜಿನ ಫ್ರೇಮ್ ಮಾಡಿಸಿ ಅಂದ. ಗಾಜಿನೊಳಗೆ ಹೋದ ಮೇಲೆ ಅಪ್ಪ ತೆಗೆಯುವುದು ಹೇಗೆ? ನಾನೇ ಮಾಡೋಣ ಅಂತಿದ್ದೇನೆ. ಅಳತೆ ಎಷ್ಟಿರಬೇಕು? ಯಾವ ಗೋಡೆ ಒಳ್ಳೆಯದು? ರೆಕಾರ್ಡ್ ಒಳಗಿಟ್ಟೇ ನಿಲ್ಲಿಸಬಹುದಾ?

ಪುಣೆಯ ಮರಗೆಲಸದವ:

ಅಕ್ಕಾ, ಫ್ರೇಮ್ ಬೇಡ. ನಿಮಗೆ ಬೇಕಾಗಿರುವುದು ತುಟಿ ಇರುವ ಸಣ್ಣ ಪಟ್ಟಿ. ನಾನು ಮನೆಯಲ್ಲಿ ಮಾಡಿಕೊಂಡದ್ದನ್ನೇ ಹೇಳುತ್ತೇನೆ.

12 ಎಂಎಂ ಪ್ಲೈ ತನ್ನಿ. ಅಡುಗೆಮನೆಗೆ ಹಾಕುವ, ನೀರು ತಡೆಯುವ ಬಿಡಬ್ಲ್ಯುಪಿ ಪ್ಲೈ ಆದರೆ ನಿಮ್ಮ ಮಳೆಗೆ ತಡೆಯುತ್ತದೆ. ಅಂಗಡಿಯಲ್ಲೇ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಒಂದು ಸಾಲಿಗೆ ಮೂರು ತುಂಡು ಬೇಕು. ಗೋಡೆಗೆ ತಾಗುವುದು 6 ಸೆಂ.ಮೀ. ಎತ್ತರ. ಅದರ ಕೆಳಗೆ ಕೂರುವ ತಳ 3.2 ಸೆಂ.ಮೀ. ಅಗಲ. ತಳದ ಮುಂದಿನ ಅಂಚಿಗೆ 3 ಸೆಂ.ಮೀ. ಎತ್ತರದ ತುಟಿ. ಜೋಡಿಸಿದರೆ ಒಳಗೆ ಸರಿಯಾಗಿ 2 ಸೆಂ.ಮೀ. ಜಾಗ ಉಳಿಯುತ್ತದೆ. ಎರಡು ರೆಕಾರ್ಡಿನ ದಪ್ಪ ಕವರೂ ಕೂರುತ್ತದೆ. ಫೆವಿಕಾಲ್ ಹಚ್ಚಿ, ಸಣ್ಣ ಮೊಳೆ ಹೊಡೆದು, ಒಂದು ರಾತ್ರಿ ಬಿಡಿ.

ಎಲ್‌ಪಿ ಕವರು ಸುಮಾರು 31.5 ಸೆಂ.ಮೀ. ಚೌಕ. ನಾಲ್ಕು ಕವರಿಗೆ 135 ಸೆಂ.ಮೀ. ಉದ್ದದ ಪಟ್ಟಿ ಸಾಕು. ಸಾಲಿನಿಂದ ಸಾಲಿಗೆ 40 ಸೆಂ.ಮೀ. ಬಿಡಿ. ಇಲ್ಲಿ ಜಾಗ ಉಳಿಸಲು ಹೋಗಬೇಡಿ. ತುಟಿಯಿಂದ ಮೇಲೆತ್ತಿ ತೆಗೆಯಬೇಕಲ್ವಾ, ಕವರಿನ ಮೇಲೆ ಜಾಗವಿಲ್ಲದಿದ್ದರೆ ಅಪ್ಪನವರು ಎಳೆಯುತ್ತಾರೆ, ಕವರಿನ ಮೂಲೆ ಮುರಿಯುತ್ತದೆ. ತುಟಿಯ ಮೇಲಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಗುಂಡಗೆ ಮಾಡಿ. ಕೈಗೂ ಒಳ್ಳೆಯದು, ಕವರಿಗೂ ಒಳ್ಳೆಯದು.

ತೂಕದ ಹೆದರಿಕೆ ಬೇಡ. ಕವರು ಸೇರಿ ಒಂದು ಎಲ್‌ಪಿ ಹತ್ತಿರ ಹತ್ತಿರ ಕಾಲು ಕಿಲೋ. ಪಟ್ಟಿಗೆ ಮೂರು ಕಡೆ 8 ಎಂಎಂ ಗಿಟ್ಟಿ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಬಿರಡೆ), ಎರಡೂವರೆ ಇಂಚಿನ ಸ್ಕ್ರೂ. ಹಳೇ ಕಟ್ಟಡದ ಪ್ಲಾಸ್ಟರ್ ದಪ್ಪ ಇರುತ್ತದೆ, ಗಿಟ್ಟಿ ಇಟ್ಟಿಗೆಯವರೆಗೆ ಹೋಗಲೇಬೇಕು.

ಡೊಂಬಿವಲಿ ಗ್ರಾಮಫೋನ್:

ಅಳತೆ ಸರಿ ಇದೆ. ಆದರೆ ಡ್ರಿಲ್ ಹಿಡಿಯುವ ಮುಂಚೆ ಗೋಡೆ ನೋಡಿ. ಮಳೆ ಬಡಿಯುವ ಹೊರಗೋಡೆ ಬೇಡವೇ ಬೇಡ. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆಯೊಳಗೇ ತೇವ ಇದೆ ಅಂತ ಅರ್ಥ. ಎರಡು ಕೋಣೆಗಳ ನಡುವಿನ ಗೋಡೆ ಎಲ್ಲಕ್ಕಿಂತ ಒಳ್ಳೆಯದು.

ಬಿಸಿಲೂ ತಾಗಬಾರದು. ಕವರಿನ ಕೆಂಪು, ಹಳದಿ ಬಣ್ಣ ಬೇಗ ಮಾಸುತ್ತದೆ. ವಿನೈಲ್ ಅಂದರೆ ಪಿವಿಸಿ, ಬಿಸಿಗೆ ಮೆತ್ತಗಾಗಿ ಸೊಟ್ಟಾಗುತ್ತದೆ. ಒಮ್ಮೆ ಸೊಟ್ಟಾದರೆ ಮೊದಲಿನ ಹಾಗೆ ಮಾಡುವುದು ತುಂಬಾ ಕಷ್ಟ.

ನಾನಾದರೆ ಗೋಡೆಯ ಮೇಲೆ ಖಾಲಿ ಕವರು ಮಾತ್ರ ಇಡುತ್ತೇನೆ. ರೆಕಾರ್ಡನ್ನು ಬಿಳಿ ಕಾಗದದ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ. ಇನ್ನೊಂದು ಮಾತು. ಮೇಲೆ ಹಾಕುವ ಪ್ಲಾಸ್ಟಿಕ್ ಕವರು ಮೆತ್ತಗಿನ ಪಿವಿಸಿಯದು ಬೇಡ. ವರ್ಷ ಕಳೆದರೆ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ತೆಗೆದುಕೊಳ್ಳಿ.

ಪಣಜಿ ಬಾಡಿಗೆಮನೆ:

ಗೋಡೆ ಕೊರೆಯಲು ಬಿಡದ ಮನೆಯವರಿಗೆ: ಎರಡು ಉದ್ದನೆಯ ರೀಪುಗಳಿಗೆ ಇದೇ ಪಟ್ಟಿಗಳನ್ನು ಏಣಿಯ ಹಾಗೆ ಬಡಿದು ಗೋಡೆಗೆ ಒರಗಿಸಿ. ಕಾಲಿಗೆ ರಬ್ಬರ್ ಹಾಕಿ, ಜಾರುವುದಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ, ಕೈ ಆನಿಸಿದರೆ ಸರಿಯಬಹುದು.

ಮುಲುಂಡಿನ ಮಗಳು:

ಎರಡು ಭಾನುವಾರ ಹಿಡಿಯಿತು. ಮೂರು ಸಾಲು, ಹನ್ನೆರಡು ರೆಕಾರ್ಡ್.

ಹೊರಗೋಡೆಯ ಹಾಳೆಯಲ್ಲಿ ಹನಿ ಬಂತು. ಹಾಗಾಗಿ ಹಾಲ್ ಮತ್ತು ಮಲಗುವ ಕೋಣೆಯ ನಡುವಿನ ಗೋಡೆಗೆ ಹಾಕಿದೆ. ಡೊಂಬಿವಲಿ ಅಣ್ಣಾ, ಖಾಲಿ ಕವರಿನ ಮಾತು ಮಾತ್ರ ನನ್ನಿಂದ ಆಗಲಿಲ್ಲ. ಅಪ್ಪ ಕವರು ಎತ್ತಿದಾಗ ಒಳಗೆ ರೆಕಾರ್ಡ್ ಇಲ್ಲದಿದ್ದರೆ ಅವರು ಮತ್ತೆ ನನ್ನನ್ನೇ ಕಾಯಬೇಕು. ರೆಕಾರ್ಡ್ ಒಳಗೇ ಇದೆ. ಆದರೆ ಆದಷ್ಟು ನೆಟ್ಟಗೆ ನಿಲ್ಲುತ್ತದೆ, ಬಿಸಿಲು ಬೀಳುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಹನ್ನೆರಡನ್ನೂ ಬದಲಿಸುತ್ತೇನೆ. ಯಾವುದು ಗೋಡೆಗೆ, ಯಾವುದು ಕಪಾಟಿಗೆ ಅಂತ ಹೇಳುವುದು ಅಪ್ಪ.

ಒಂದು ತಪ್ಪು ಮಾಡಿದೆ. ಮೊದಲ ಸಾಲನ್ನು ನನ್ನ ಕಣ್ಣಿನ ಎತ್ತರಕ್ಕೆ ಹಾಕಿದ್ದೆ. ಅಪ್ಪ ಕೈ ಎತ್ತಿದಾಗ ಭುಜ ನೋವು ಅಂದರು. ಬಿಚ್ಚಿ, ತೂತು ಮುಚ್ಚಿ, ಒಂದು ಗೇಣು ಕೆಳಗೆ ಇಳಿಸಿದೆ. ಮಾಡುವವರು ಅಳತೆ ಟೇಪಿಗಿಂತ ಮೊದಲು ಮನೆಯವರನ್ನು ಗೋಡೆಯ ಮುಂದೆ ನಿಲ್ಲಿಸಿ.

ಇವತ್ತು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಹಾಲ್‌ನಲ್ಲಿ ಮನ್ಸೂರರ ದನಿ ಶುರುವಾಯಿತು.

ಇನ್ನು ಇಪಿಗಳ ಸರದಿ. ಅವು 7 ಇಂಚಿನವು. ಸಾಲುಗಳ ನಡುವೆ 25 ಸೆಂ.ಮೀ. ಬಿಟ್ಟರೆ ಸಾಕಾಗುತ್ತದೆ ಅಲ್ವಾ?