ಫತೋರ್ಡಾದಾಗ ಬಿಎಫ್‌ಸಿ ಮ್ಯಾಚ್: ಬೆಳಗಾವಿಯಿಂದ ಮನಿಮಂದಿ ಎಲ್ಲಾ ಹೋಗೋದು ಹೆಂಗ?

ಟಿಳಕವಾಡಿ ನೀಲಿ:
ಎಫ್‌ಸಿ ಗೋವಾ ವಿರುದ್ಧ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಮ್ಯಾಚ್ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಮ್‌ನಾಗ, ಕಿಕ್‌ಆಫ್ (ಆಟ ಶುರು) ಸಂಜಿ 7:30ಕ್ಕ. ಕಾರಿನಾಗ ಐದು ಮಂದಿ: ನಾವಿಬ್ಬರು, 6 ಮತ್ತ 11 ವರ್ಷದ ಮಕ್ಕಳು, ಮೊಣಕಾಲು ನೋವಿರೋ ಅವ್ವ. ಅನಮೋಡ ಘಾಟೋ, ಚೋರ್ಲಾ ಘಾಟೋ? ಎಷ್ಟಕ್ಕ ಬಿಡಬೇಕು? ಅವತ್ತ ರಾತ್ರಿ ವಾಪಸ್ ಬರಬಹುದೇನ್ರಿ?

ಖಾನಾಪುರ ರೋಡ್:
ಬೆಳಗಾವಿಯವರಿಗೆ ಇದು ಹೆಸರಿಗಷ್ಟ ಅವೇ ಮ್ಯಾಚ್ (ಎದುರು ತಂಡದ ಊರಾಗಿನ ಮ್ಯಾಚ್) ನೋಡ್ರಿ. ಬೆಂಗಳೂರಾಗಿನ ನಮ್ಮ ತಂಡದ ಕಂಠೀರವ ಸ್ಟೇಡಿಯಮ್‌ಗೆ ಸುಮಾರು 500 ಕಿ.ಮೀ., ಫತೋರ್ಡಾಕ್ಕ 140ರ ಆಸುಪಾಸು. ಆದ್ರ ಅದರಾಗ ಘಾಟ ಐತಿ, ಹಗುರ ತಗೋಬ್ಯಾಡ್ರಿ.

ಮಡಗಾಂವ್‌ಗೆ ಅನಮೋಡನ ನೇರ: ಖಾನಾಪುರ, ರಾಮನಗರ, ಅನಮೋಡ, ಮೊಲೆಮ್, ಫೋಂಡಾ. ಚೋರ್ಲಾ ಪಣಜಿ, ಮ್ಹಾಪ್ಸಾ ಕಡೆ ಹೋಗೋರಿಗೆ ಚಲೋ, ನಿಮಗ ಸುತ್ತಾಗ್ತೈತಿ. ಮಳಿ ಜೋರಿದ್ದಾಗ ಅನಮೋಡದಾಗ ಗುಡ್ಡ ಕುಸೀತಾವ, ಹೊರಡೋ ದಿನ ಮುಂಜಾನೆ ರಸ್ತೆ ಚಾಲೂ ಐತಿಲ್ಲೋ ಕೇಳ್ರಿ.

ಮುಂಜಾನೆ 11ಕ್ಕ ಬಿಡ್ರಿ. ನಿಲ್ಲಿಸ್ಕೋತ ಹೋದ್ರೂ ನಾಲ್ಕರೊಳಗ ಮುಟ್ಟತೀರಿ, ಅವ್ವಗ ಕಾಲು ಚಾಚಾಕ ವ್ಯಾಳ್ಯಾ ಸಿಗತೈತಿ. ಹೋಗುವಾಗ ಘಾಟ ಇಳೀಬೇಕು: ಎರಡನೇ ಗೇರ್ ಹಾಕಿ ಇಂಜಿನ್ ಹಿಡಿತದಾಗ ಇಳಸ್ರಿ. ಬ್ರೇಕ್ ಮ್ಯಾಲ ಕಾಲಿಟ್ಕೊಂಡ ಇಳದ್ರ ಪ್ಯಾಡ್ ಕಾದು ಹಿಡಿತ ಹೋಗತೈತಿ. ಸುಟ್ಟ ವಾಸನಿ ಬಂದ್ರ ಅಗಲ ಜಾಗ ನೋಡಿ 20 ನಿಮಿಷ ನಿಲ್ಲಸ್ರಿ, ಚಕ್ರಕ್ಕ ನೀರು ಹೊಡೀಬ್ಯಾಡ್ರಿ.

ಸಣ್ಣಾವಗ ಮೊಬೈಲ್ ಕೊಡಬ್ಯಾಡ್ರಿ. ತಿರುವಿನಾಗ ಕಣ್ಣು ಪರದೆ ಮ್ಯಾಲ ನೆಟ್ಟಿರ್ತಾವ, ಕಿವಿಯೊಳಗಿನ ಸಮತೋಲ ಮಾತ್ರ ಹೊರಳತಿರ್ತೈತಿ, ಅದಕ್ಕ ವಾಂತಿ. ಗುಳಿಗಿ ಕೊಡೋದಾದ್ರ ಡಾಕ್ಟರಿಗೆ ಕೇಳಿ, ಹೊರಡೋಕಿಂತ ಮೊದಲ ಕೊಡ್ರಿ. ವಾಂತಿ ಶುರುವಾದ ಮ್ಯಾಲ ಅದು ಹೊಟ್ಟ್ಯಾಗ ನಿಲ್ಲಂಗಿಲ್ಲ. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ ಸಾಕು.

ಸ್ಟ್ಯಾಂಡ್ ಕಡೆಯವ:
ಟಿಕೆಟ್ ಬಗ್ಗೆ: ಅವೇ ಸ್ಟ್ಯಾಂಡ್ (ಹೊರಗಿನಿಂದ ಬಂದ ತಂಡದ ಅಭಿಮಾನಿಗಳ ಜಾಗ) ಅಂತ ಗುರುತು ಇರೋದನ್ನೇ ತಗೊಳ್ಳಿ. ಬಿಎಫ್‌ಸಿಯ ನೀಲಿ ಜೆರ್ಸಿ ಹಾಕಿಕೊಂಡು ಗೋವಾದ ಕಿತ್ತಳೆ ಮಂದಿಯ ಸ್ಟ್ಯಾಂಡಿಗೆ ಹೋದರೆ ಗೇಟಿನಲ್ಲೇ ತಡೆಯಬಹುದು. ಮಗುವಿಗೂ ಟಿಕೆಟ್ ಬೇಕೇ ಎಂದು ಬುಕ್ ಮಾಡುವಾಗಲೇ ಓದಿಕೊಳ್ಳಿ. ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಮನೆಯಲ್ಲೇ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ; ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ.

ಬಾಟಲಿ, ಪವರ್ ಬ್ಯಾಂಕ್, ಕೊಡೆ, ಕೋಲಿರುವ ಬಾವುಟ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಬಾವುಟ ಬಟ್ಟೆ ಮಾತ್ರ ಮಡಚಿ ತನ್ನಿ. 6:15ರೊಳಗೆ ಗೇಟಿನಲ್ಲಿರಿ. ಅಮ್ಮನವರಿಗೆ ಕೆಳಗಿನ ಸಾಲು, ಮೆಟ್ಟಿಲ ಪಕ್ಕದ ಸೀಟು. ಶೌಚಾಲಯಕ್ಕೆ 40ನೇ ನಿಮಿಷಕ್ಕೇ ಎದ್ದು ಹೋಗಲಿ, ವಿರಾಮದ 15 ನಿಮಿಷ ಸಾಲಿನಲ್ಲೇ ಕಳೆದುಹೋಗುತ್ತದೆ. ಡೋಲಿನ ಗುಂಪಿನಿಂದ ಚಿಕ್ಕವನನ್ನು ಹತ್ತು ಸಾಲು ದೂರ ಕೂರಿಸಿ.

ರಾಮನಗರ ನಾಕಾ:
ರಾತ್ರಿ ವಾಪಸ್ ಬರಬ್ಯಾಡ್ರಿ, ಇದೊಂದು ಮಾತು ಕೇಳ್ರಿ. ಮ್ಯಾಚ್ ಮುಗ್ಯಾಕ 9:25 ಆಗತೈತಿ, ಗದ್ದಲ ಕರಗಿ ಕಾರು ಹೊರಗ ಬರಾಕ 10. ಮೊಲೆಮ್ ಮುಟ್ಟೂದ್ರಾಗ 11 ದಾಟಿರ್ತೈತಿ. ಅಲ್ಲಿಂದ ಅಭಯಾರಣ್ಯ. ಗೋವಾ ತಂಡದ ಲಾಂಛನದಾಗಿನ ಕಾಡುಕೋಣ ಅಲ್ಲಿ ಖರೇನ ಅದಾವ. ಮೈ ಕರಿ, ಬೆಳಕು ವಾಪಸ್ ಹೊಡಿಯಂಗಿಲ್ಲ. ಮೊಣಕಾಲ ಕೆಳಗಿನ ಬಿಳಿ ಕಾಲಷ್ಟ ಕಾಣ್ತಾವ, ಅದೂ ಹತ್ತಿರ ಬಂದ ಮ್ಯಾಲ. ಕಾವಳ (ಮಂಜು) ಇದ್ರ ಹೈ ಬೀಮ್ ಹಾಕಿದಷ್ಟೂ ಮುಂದ ಬರೇ ಬಿಳಿ ಗ್ವಾಡಿ.

ಮಡಗಾಂವ್ ಇಲ್ಲಾ ಫೋಂಡಾದಾಗ ಖೋಲಿ ಮಾಡ್ರಿ. ಮ್ಯಾಚ್ ದಿನಾಂಕ ಬದಲಾಗೋದುಂಟು, ಅದಕ್ಕ ರದ್ದು ಮಾಡಿದ್ರ ರೊಕ್ಕ ವಾಪಸ್ ಬರೋ ಖೋಲಿನ ಹಿಡೀರಿ. ಮರುದಿನ ನಾಷ್ಟಾ ಮಾಡಿ ಬಿಟ್ರ ಮಧ್ಯಾಹ್ನದ ಊಟಕ್ಕ ಬೆಳಗಾವಿ. ಗೋವಾ ದಾರೂ ಒಂದ ಬಾಟ್ಲಿನೂ ತರಬ್ಯಾಡ್ರಿ, ಅನಮೋಡ ಅಬಕಾರಿ ನಾಕಾದಾಗ ಡಿಕ್ಕಿ ತೆಗಸ್ತಾರ.

ಟಿಳಕವಾಡಿ ನೀಲಿ:
ಖೋಲಿ ಫೋಂಡಾದಾಗ ನೋಡತೇವ್ರಿ. ರೈಲಿನ ವಿಚಾರ ಏನ್ರಿ?

ಖಾನಾಪುರ ರೋಡ್:
ಲೋಂಡಾ ಮ್ಯಾಲ ಮಡಗಾಂವ್‌ಗೆ ರೈಲು ಅದಾವ. ಆದ್ರ ಕ್ಯಾಸಲ್‌ರಾಕ್‌ನಿಂದ ಕುಳೆ ತನಕ 37ಕ್ಕ 1ರ (37 ಮೀಟರಿಗೆ 1 ಮೀಟರ್ ಇಳಿಯೋ) ಇಳಿಜಾರು, ಗಾಡಿ ನಿಧಾನ ಇಳೀತಾವ. ತಡಾ ಆದ್ರ ಕಿಕ್‌ಆಫ್ ತಪ್ಪತೈತಿ. ಅವ್ವ ಜೊತಿಗಿದ್ದಾಗ ಕಾರೇ ವಾಸಿ.